ಶಾಲಿಗಿಂತ ಮೊದಲು ಭಯ ಬಿಡಿಸಿರಿ

ನಮ್ಮ ಸೊಲ್ಲಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಸತ್ಕಾರಕ್ಕೇನೂ ಬರವಿಲ್ಲ. ಆಗಸ್ಟ್ 15 ಇರಲಿ, ಜನವರಿ 26 ಇರಲಿ, ಜಾತ್ರೆಯ ಕುಸ್ತಿ ಇರಲಿ, ಶಾಲು-ಶ್ರೀಫಲ ಸಿದ್ಧವಾಗಿಯೇ ಇರುತ್ತವೆ. ದೇಣಿಗೆ ಕೊಟ್ಟವರು, ಚುನಾವಣೆಯಲ್ಲಿ ಗೆದ್ದವರು, ಸೋತರೂ ಮುಂದಿನ ಸಲ ಗೆಲ್ಲಬಹುದಾದವರು, ಎಲ್ಲರ ತಲೆಗೂ ಒಂದೊಂದು ಫೇಟಾ. ಆದರೆ ನಡುರಾತ್ರಿ ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದವನನ್ನು ತನ್ನ ಟಂಟಂನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದವನ ಹೆಸರು ಆ ಯಾದಿಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಕರೆದರೂ ಆತ ಬರುವುದಿಲ್ಲ, ಹೆಸರು ಕೊಡಲೂ ಒಪ್ಪುವುದಿಲ್ಲ. ಏಕೆಂಬುದನ್ನು ಸ್ವಲ್ಪ ವಿಚಾರಿಸಬೇಕು.

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ, ಮೊದಲು 13 ನಂಬರಿನದು, ಈಗ 52, ಟಾಕಳಿಯ ಹತ್ತಿರ ಭೀಮಾ ನದಿ ದಾಟಿ ಧೂಳಖೇಡದಲ್ಲಿ ಕರ್ನಾಟಕ ಸೇರುತ್ತದೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಹೋಗುವ ಉಳ್ಳಾಗಡ್ಡಿ, ಇಂಡಿಯ ಲಿಂಬೆ, ನನ್ನಂಥವರ ಜೋಳ-ತೊಗರಿ ಎಲ್ಲವೂ ಇದೇ ದಾರಿಯಲ್ಲಿ. ಕಬ್ಬಿನ ಹಂಗಾಮು ಬಂತೆಂದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ. ಕತ್ತಲೆಯಲ್ಲಿ ಮೋಟಾರ್ ಸೈಕಲ್ ಮೇಲೆ ಬರುವ ಹುಡುಗನಿಗೆ ಟ್ರಾಲಿ ಕಾಣುವುದು ಅದಕ್ಕೆ ಬಡಿದಾಗಲೇ. ಅಂಥ ಹೊತ್ತಿನಲ್ಲಿ ಮೊದಲು ಓಡಿ ಬರುವವರು ಪೊಲೀಸರೂ ಅಲ್ಲ, ಅಂಬ್ಯುಲೆನ್ಸೂ ಅಲ್ಲ. ಢಾಬಾದವ, ಚಹದಂಗಡಿಯವ, ಪಂಕ್ಚರ್ ತೆಗೆಯುವವ.

ಅಂಥ ಒಬ್ಬ ಪಂಕ್ಚರ್ ಅಂಗಡಿಯವನ ಮಾತು ಕೇಳಿರಿ. ಹೆಸರು ಬೇಡ ಅಂದಿದ್ದಾನೆ, ಬರೆಯುವುದಿಲ್ಲ.

“ಸಾವಕಾರ್ರ, ಎತ್ತಿ ಗಾಡ್ಯಾಗ ಹಾಕೂದು ಕಷ್ಟಲ್ರಿ, ಆಮ್ಯಾಲಿಂದು ಕಷ್ಟ. ಹಿಂದಕೊಮ್ಮೆ ಒಬ್ಬನ್ನ ದವಾಖಾನಿಗೆ ಒಯ್ದು ಬಿಟ್ಟಿದ್ದೆ. ಮೂರು ಸಲ ಠಾಣೆಗೆ ಕರಸಿದ್ರು. ದಿನಾ ಅಂಗಡಿ ಬಂದ್. ಮರಾಠಿಯೊಳಗ ಏನೋ ಬರಕೊಂಡ್ರು, ಸಹಿ ಮಾಡಂದ್ರು. ನನಗ ಬಜಾರದ ಮರಾಠಿ ಬರ್ತದ, ಕಚೇರಿ ಮರಾಠಿ ಎಲ್ಲಿಂದ ಬರಬೇಕ್ರಿ?”

ಬಜಾರದ ಮರಾಠಿ, ಕಚೇರಿಯ ಮರಾಠಿ! ಗಡಿಯಲ್ಲಿ ಬಾಳಿದ ನಮಗೆಲ್ಲ ಈ ಮಾತು ಅರ್ಥವಾಗುತ್ತದೆ. ಮರಾಠಿಯ ಜಾಗದಲ್ಲಿ ಹೊಸೂರಿನವರು ತಮಿಳೆಂದೂ ಕಾಸರಗೋಡಿನವರು ಮಲಯಾಳವೆಂದೂ ಮಡಕಶಿರಾದವರು ತೆಲುಗೆಂದೂ ಓದಿಕೊಂಡರಾಯಿತು. ವ್ಯಾಪಾರಕ್ಕೆ ಎರಡು ಭಾಷೆ ಸಾಕು. ಫೌಜದಾರರ ಮುಂದೆ ಕುಳಿತಾಗ ಒಂದೂವರೆ ಆಗಿಬಿಡುತ್ತದೆ.

ಈ ಭಯ ನಮ್ಮ ಕಡೆಯದಷ್ಟೇ ಅಲ್ಲ. 2007ರಲ್ಲಿ ಪೀಯೂಷ್ ತಿವಾರಿ ಎಂಬವರ ಸೋದರ ಸಂಬಂಧಿಯಾದ ಹುಡುಗ ಅಪಘಾತದಲ್ಲಿ ಗಾಯಗೊಂಡು, ನೋಡುತ್ತ ನಿಂತವರು ಯಾರೂ ಕೈಹಾಕದೆ, ರಸ್ತೆಯಲ್ಲೇ ತೀರಿಕೊಂಡ. ತಿವಾರಿಯವರು ‘ಸೇವ್‌ಲೈಫ್ ಫೌಂಡೇಶನ್’ ಕಟ್ಟಿದ್ದು ಆಮೇಲೆ. ಆ ಸಂಸ್ಥೆ 2013ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಜನ ಗಾಯಾಳುವಿಗೆ ನೆರವಾಗಲು ಹಿಂಜರಿದರು, ಅವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಪೊಲೀಸು ಮತ್ತು ಕೋರ್ಟು. ಒಂದು ತಾಸಿನೊಳಗೆ ಚಿಕಿತ್ಸೆ ಸಿಕ್ಕರೆ ಅಪಘಾತದಲ್ಲಿ ಸಾಯುವವರ ಪೈಕಿ ಅರ್ಧದಷ್ಟು ಜನ ಬದುಕುತ್ತಾರೆಂದು ಕಾನೂನು ಆಯೋಗ 2006ರಲ್ಲೇ ತನ್ನ 201ನೇ ವರದಿಯಲ್ಲಿ ಹೇಳಿತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅರ್ಧವೆಂದರೆ ಎಷ್ಟಾಯಿತೆಂದು ಲೆಕ್ಕ ಬಲ್ಲವರು ಹಾಕಿಕೊಳ್ಳಲಿ.

ತಿವಾರಿಯವರ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಸರ್ಕಾರ 2015ರ ಮೇ 12ರಂದು ಮಾರ್ಗಸೂಚಿಯನ್ನೂ 2016ರ ಜನವರಿ 21ರಂದು ವಿಚಾರಣೆಯ ಕ್ರಮವನ್ನೂ ಹೊರಡಿಸಿತು. ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅವೆರಡಕ್ಕೂ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134-ಎ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಎತ್ತಿ ಒಯ್ದಾಗ ಗಾಯಾಳು ದಾರಿಯಲ್ಲೇ ತೀರಿಕೊಂಡರೂ ಒಯ್ದವನ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಖಟ್ಲೆ ಇಲ್ಲ. ಇಂಥವನಿಗೆ ಕಾನೂನು ಇಟ್ಟ ಹೆಸರು ‘ಗುಡ್ ಸಮರಿಟನ್’. ಬೈಬಲ್ಲಿನ ಆ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಪಕ್ಕದ ಸೀಮೆಯವ, ಸ್ವಂತ ಸೀಮೆಯವರು ನೋಡಿಯೂ ನೋಡದಂತೆ ಹೋಗಿದ್ದರು. ಗಡಿನಾಡಿಗೆ ಹೊಂದುವ ಕಥೆಯೇ ಸರಿ.

ಈಗ ಪಂಕ್ಚರ್ ಅಂಗಡಿಯವನಿಗೆ ಬೇಕಾದ ಮಾತಿಗೆ ಬರೋಣ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನು ಕೂಡಲೇ ಹೊರಟುಹೋಗಬಹುದು. ಕಣ್ಣಾರೆ ಕಂಡ ಸಾಕ್ಷಿಯಾಗಿದ್ದರೆ ಮಾತ್ರ ವಿಳಾಸ ಕೇಳಬಹುದು. ಫೋನು ಮಾಡಿ ತಿಳಿಸಿದವನಿಗೆ ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ಆತನನ್ನು ತಡೆಯುವಂತಿಲ್ಲ, ದಾಖಲಾತಿಯ ರೊಕ್ಕ ಕೇಳುವಂತಿಲ್ಲ. ತಾನಾಗಿ ಸಾಕ್ಷಿ ಹೇಳುತ್ತೇನೆಂದರೆ ಹೇಳಿಕೆ ತೆಗೆದುಕೊಳ್ಳುವುದು ಒಂದೇ ಸಲ, ಅದೂ ಆತನಿಗೆ ಅನುಕೂಲವಾದ ಜಾಗದಲ್ಲಿ, ಮನೆಯಲ್ಲೋ ಅಂಗಡಿಯಲ್ಲೋ, ಪೊಲೀಸರು ಮಫ್ತಿಯಲ್ಲಿ ಬಂದು.

ಇನ್ನೊಂದಿದೆ, ಇದು ನಮಗೇ ಬರೆದಂತಿದೆ. ನೆರವಾದವನ ಭಾಷೆ ತನಿಖಾಧಿಕಾರಿಯ ಭಾಷೆಗಿಂತ ಅಥವಾ ಆ ಸ್ಥಳದ ಭಾಷೆಗಿಂತ ಬೇರೆಯಾಗಿದ್ದರೆ, ದುಭಾಷಿಯನ್ನು ಕರೆಸುವ ಹೊಣೆ ಆ ಅಧಿಕಾರಿಯದೇ ಎಂದು 2016ರ ಕ್ರಮದಲ್ಲಿ ಸ್ಪಷ್ಟವಾಗಿದೆ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಎಷ್ಟೋ ಸಭೆಗಳಲ್ಲಿ ಭಾಷಣ ಕೇಳಿದ್ದೇನೆ. ಈ ಒಂದು ಸಾಲನ್ನು ಯಾರೂ ಓದಿ ಹೇಳಲಿಲ್ಲ.

ಆಸ್ಪತ್ರೆಯ ಖರ್ಚಿನ ಚಿಂತೆ ಬೇರೆ. ಗಡಿಯವರಿಗೆ ಊರು ಒಂದು ರಾಜ್ಯದಲ್ಲಿ, ಆಸ್ಪತ್ರೆ ಇನ್ನೊಂದರಲ್ಲಿ. 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರು ಪಟ್ಟ ಪಾಡು ಮರೆಯುವಂಥದಲ್ಲ. ರಸ್ತೆ ಅಪಘಾತದ ಮಟ್ಟಿಗೆ ಸರ್ಕಾರಗಳು ತುಸು ಉದಾರವಾಗಿವೆ. ಕರ್ನಾಟಕ 2016ರಲ್ಲಿ ಹರೀಶ್ ಸಾಂತ್ವನ ಯೋಜನೆಯನ್ನೂ ತಮಿಳುನಾಡು 2021ರಲ್ಲಿ 48 ಗಂಟೆಗಳ ಉಚಿತ ಚಿಕಿತ್ಸೆಯನ್ನೂ ತಂದಾಗ ಗಾಯಾಳು ಯಾವ ರಾಜ್ಯದವನೆಂದು ಕೇಳಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರದ ಯೋಜನೆ ಬಂತು, ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ.

ನೆರವಾದವನಿಗೆ ಬಹುಮಾನವನ್ನೂ ಇಟ್ಟರು. 2021ರ ಅಕ್ಟೋಬರಿನಲ್ಲಿ 5,000 ರೂಪಾಯಿ, 2025ರಲ್ಲಿ ‘ರಾಹವೀರ’ ಎಂಬ ಹೆಸರಿನಲ್ಲಿ 25,000. ಒಂದು ತಾಸಿನೊಳಗೆ ಆಸ್ಪತ್ರೆಗೆ ಒಯ್ದು ಜೀವ ಉಳಿಸಿರಬೇಕು. ವೈದ್ಯರನ್ನು ಕೇಳಿ ಖಾತ್ರಿ ಮಾಡಿಕೊಂಡು ಪೊಲೀಸರು ಒಂದು ಪತ್ರ ಕೊಡಬೇಕು, ಅದರ ನಕಲು ಜಿಲ್ಲಾಧಿಕಾರಿಯ ಸಮಿತಿಗೆ ಹೋಗಬೇಕು. ಒಳ್ಳೆಯದೇ. ಆದರೆ ಗಮನಿಸಿರಿ: ರೊಕ್ಕ ಬೇಕಾದರೆ ಹೆಸರು, ವಿಳಾಸ, ಮೊಬೈಲ್ ನಂಬರು ಎಲ್ಲ ಠಾಣೆಗೆ ಕೊಡಬೇಕು. ಠಾಣೆಗೆ ಹೆದರಿಯೇ ಹೆಸರು ಬಚ್ಚಿಟ್ಟವನಿಗೆ ಈ ಬಹುಮಾನ ಮುಟ್ಟುವುದು ಹೇಗೆ? 

ಆದ್ದರಿಂದ ಶಾಲಿಗಿಂತ ಮೊದಲು ಭಯ ಹೋಗಬೇಕು. ಗ್ರಾಮಸಭೆಯಲ್ಲಿ ಠಾಣೆಯ ಸಾಹೇಬರನ್ನೇ ಕರೆದು, ಅವರ ಬಾಯಿಂದಲೇ ಈ ನಿಯಮ ಹೇಳಿಸಬೇಕು, ಕನ್ನಡದಲ್ಲಿ ಒಬ್ಬರು ಬಿಡಿಸಿ ಹೇಳಬೇಕು. ಮಹಾರಾಷ್ಟ್ರದಲ್ಲಿ 2007ರಲ್ಲಿ ತಂಟಾಮುಕ್ತ ಗಾವ್ ಮೋಹೀಮು ಶುರುವಾದಾಗ ಜಗಳ ಊರಲ್ಲೇ ಬಗೆಹರಿಸಿಕೊಂಡ ಹಳ್ಳಿಗಳಿಗೆ ಬಹುಮಾನ ಬಂತು, ಪೊಲೀಸರೂ ಹಳ್ಳಿಗರೂ ಒಂದೇ ಜಮಖಾನೆಯ ಮೇಲೆ ಕುಳಿತರು. ಇದಕ್ಕೂ ಹಾಗೆ ಕುಳಿತರೆ ತಪ್ಪೇನು?

ನಾನು ಮಾಡಿದ್ದು ಸಣ್ಣ ಕೆಲಸ. ಮೇಲಿನ ನಿಯಮಗಳನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಡಿಟಿಪಿ ಮಾಡಿಸಿ, ಹೆದ್ದಾರಿಯ ಮಗ್ಗುಲಿನ ಎಂಟು ಅಂಗಡಿಗಳಿಗೆ ಕೊಟ್ಟುಬಂದೆ. ಪಂಕ್ಚರ್ ಅಂಗಡಿಯವ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡ, ಸಾವಕಾಶ ಪೂರ್ತಿ ಓದಿದ.

“ಚಲೋ ಅದ ಸಾವಕಾರ್ರ. ಇದರ ತೆಳಗ ಮರಾಠಿಯೊಳಗೂ ಹಾಕಿಸ್ಕೊಂಡು ಬರ್ರಿ. ನಾ ಓದಿದ್ರ ಏನಾತು, ಸಾಹೇಬ್ರೂ ಓದಬೇಕಲ್ಲ.”

ಮರಾಠಿಯದು ಪ್ರೆಸ್ಸಿನಲ್ಲಿದೆ, ಬರುವ ಸೋಮವಾರ ಕೈಗೆ ಸಿಗುತ್ತದೆ.