ವರ್ಣಮಯ ಪುಟ್ಟ ಕಪ್ಪೆಚಿಪ್ಪುಗಳು: ಆಯ್ಕೆ, ಆರೈಕೆ ಮತ್ತು ಕಾಗದಪತ್ರ

ಕಪ್ಪೆಚಿಪ್ಪೆಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಮರುವಾಯಿಯ ಸುಕ್ಕ. ಹಿಂದಿನ ತಲೆಮಾರಿನವರಿಗೆ ಚಿಪ್ಪು ಸುಟ್ಟು ಸುಣ್ಣ ತೆಗೆಯುತ್ತಿದ್ದ ಗೂಡುಗಳೂ ನೆನಪಾಗಬಹುದು. ಅಂಥ ಜೀವಿಯೊಂದನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವುದಕ್ಕಾಗಿ ಜನರು ಸಾವಿರಾರು ರೂಪಾಯಿಗೆ ಸಮನಾದ ಹಣ ತೆರುತ್ತಾರೆಂದರೆ ನಂಬುವುದು ಕಷ್ಟ. ಆದರೆ ಅಮೆರಿಕ, ಯೂರೋಪು, ಜಪಾನ್, ಸಿಂಗಪುರ ಹಾಗೂ ಕೊಲ್ಲಿ ರಾಷ್ಟ್ರಗಳ ಅಕ್ವೇರಿಯಂ ಮಾರುಕಟ್ಟೆಯಲ್ಲಿ ಟ್ರೈಡಾಕ್ನಾ ಕುಲದ ಪುಟ್ಟ ಕಪ್ಪೆಚಿಪ್ಪುಗಳಿಗೆ ಹಲವು ದಶಕಗಳಿಂದಲೂ ಸ್ಥಿರವಾದ ಬೇಡಿಕೆಯಿದೆ. ನೀಲಿ, ಹಸಿರು, ನೇರಳೆ, ಹೊನ್ನಿನ ಬಣ್ಣಗಳು ಒಂದರೊಳಗೊಂದು ಬೆರೆತ ಅದರ ಮಾಂಸಲ ಅಂಚನ್ನು ಒಮ್ಮೆ ಕಂಡವರು ಅದನ್ನು ಸುಲಭವಾಗಿ ಮರೆಯಲಾರರು.

ಕೊಲ್ಲಿ ರಾಷ್ಟ್ರಗಳಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ವ್ಯವಹಾರವುಳ್ಳ ನಮ್ಮ ಕೆಲವು ಸದಸ್ಯರು ಈ ವಹಿವಾಟಿನ ಬಗ್ಗೆ ವಿಚಾರಿಸುವುದುಂಟು. ಅವರ ಸಲುವಾಗಿ ಈ ಲೇಖನ. ಇದು ಭಾರತದಲ್ಲಿ ಇವುಗಳನ್ನು ಕೊಳ್ಳಲು ನೀಡುವ ಪ್ರೋತ್ಸಾಹವಲ್ಲವೆಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಅದರ ಕಾರಣ ಮುಂದೆ ಬರುತ್ತದೆ.

ಯಾವುದು ಪುಟ್ಟದು?

ಟ್ರೈಡಾಕ್ನಾ ಕುಲವನ್ನು ಲೋಕವು ಗುರುತಿಸುವುದು ‘ದೈತ್ಯ ಕಪ್ಪೆಚಿಪ್ಪು’ ಎಂದು. ಈ ಕುಲದ ಗೈಗಾಸ್ ಪ್ರಭೇದವು ಒಂದು ಮೀಟರಿಗೂ ಮಿಗಿಲಾಗಿ ಬೆಳೆದು ಇನ್ನೂರು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಮನೆಯ ತೊಟ್ಟಿಗೆ ಹೊಂದುವವು ಮುಖ್ಯವಾಗಿ ಎರಡು. ಕುಲದಲ್ಲಿಯೇ ಚಿಕ್ಕದಾದ ಕ್ರೋಸಿಯಾ ಸುಮಾರು 15 ಸೆಂಟಿಮೀಟರಿಗೆ ನಿಲ್ಲುತ್ತದೆ. ಹವಳದ ಬಂಡೆಯನ್ನು ಕೊರೆದು ಅದರೊಳಗೆ ಹುದುಗಿ ಬಾಳುವುದು ಇದರ ಸ್ವಭಾವ. ಮ್ಯಾಕ್ಸಿಮಾ ಸ್ವಲ್ಪ ದೊಡ್ಡದು. ಒಂದು ಪಕ್ಕಕ್ಕೆ ಎಳೆದಂತೆ ನೀಳವಾದ ಅದರ ಚಿಪ್ಪನ್ನು ನೋಡಿಯೇ ಗುರುತಿಸಬಹುದು. ಬಣ್ಣದಲ್ಲಿ ಇವೆರಡಕ್ಕೂ ಸಾಟಿಯಿಲ್ಲ. ಇವಲ್ಲದೆ ಸ್ಕ್ವಾಮೋಸಾ, ಡೆರಾಸಾ ಎಂಬ ಪ್ರಭೇದಗಳೂ ಮಾರಾಟಕ್ಕೆ ಬರುತ್ತವೆ. ಅವುಗಳ ಬಣ್ಣ ಅಷ್ಟು ಉಜ್ವಲವಲ್ಲ, ಬೆಳವಣಿಗೆಯೂ ಹೆಚ್ಚು, ಆದರೆ ಹೊಸಬರ ತಪ್ಪುಗಳನ್ನು ಅವು ಸಹಿಸಿಕೊಳ್ಳುವಷ್ಟು ಕ್ರೋಸಿಯಾ ಸಹಿಸದು. ವಿಚಿತ್ರವೆಂದರೆ ಹೊಸ ಗ್ರಾಹಕನು ಅಂಗಡಿಗೆ ಬಂದೊಡನೆ ಬೆರಳು ತೋರಿಸುವುದು ಕ್ರೋಸಿಯಾದ ಕಡೆಗೇ, ವ್ಯಾಪಾರಿಯೂ ತಡೆಯುವುದಿಲ್ಲ.

ಬಣ್ಣವು ಅಲಂಕಾರವಲ್ಲ

ಈ ಜೀವಿಯ ಮಾಂಸಲ ಹೊದಿಕೆಯೊಳಗೆ ಸೂಕ್ಷ್ಮ ಪಾಚಿಯ ಜೀವಕೋಶಗಳು ಮನೆಮಾಡಿರುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ತಮಗೆ ಆಶ್ರಯವಿತ್ತ ಜೀವಿಗೂ ಪಾಲು ಕೊಡುತ್ತವೆ. ಹೊದಿಕೆಯ ಹೊಳಪಿಗೆ ಕಾರಣವಾದ ಕೋಶಗಳು ಪಾಚಿಗೆ ಉಪಯುಕ್ತವಾದ ಬಣ್ಣದ ಬೆಳಕನ್ನು ಒಳಕ್ಕೆ ಚದುರಿಸಿ ಹಂಚುತ್ತವೆ ಎಂಬುದನ್ನು 2014ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಅರ್ಥಾತ್, ನಾವು ಮೆಚ್ಚಿ ಹಣ ಕೊಡುವ ಆ ಬಣ್ಣವು ಜೀವಿಯ ಅಡುಗೆಮನೆಯ ಉಪಕರಣ. ಬೆಳಕು ಕಡಿಮೆಯಾದರೆ ಒಲೆ ಆರಿದಂತೆ. ಆದರೆ ಹಸಿವು ಒಂದೇ ದಿನದಲ್ಲಿ ಗೋಚರಿಸುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವಿಯು ತನ್ನ ದೇಹವನ್ನೇ ಕರಗಿಸಿಕೊಂಡು ಬದುಕಿ, ಒಂದು ಬೆಳಿಗ್ಗೆ ಬಾಯ್ತೆರೆದುಕೊಂಡು ಬಿದ್ದಿರುತ್ತದೆ. ಹೀಗೆ ತಡವಾಗಿ ಬರುವ ಸಾವೇ ಈ ವ್ಯಾಪಾರದ ದೊಡ್ಡ ತೊಡಕು. ತಪ್ಪು ನಡೆದದ್ದು ಅಂಗಡಿಯಲ್ಲೋ, ವಿಮಾನದಲ್ಲೋ, ಮನೆಯಲ್ಲೋ ಎಂಬುದನ್ನು ಯಾರೂ ನಿರ್ಣಯಿಸಲಾರರು.

ಕೆಲವು ವರ್ಷಗಳ ಹಿಂದೆ ದುಬೈನಲ್ಲಿರುವ ನನ್ನ ಸೋದರಳಿಯನೊಡನೆ ಅಲ್ಲಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಕಡುನೀಲಿಯ ಕ್ರೋಸಿಯಾ ಒಂದನ್ನು ಅವನು ಆರಿಸಿದ. ಕಲ್ಲಿಗೆ ಕಚ್ಚಿಕೊಂಡಿದ್ದ ಅದನ್ನು ಮಾರಾಟದ ಹುಡುಗ ಕೈಯಿಂದ ಹಿಡಿದು ಸೆಳೆದು ಕಿತ್ತ. ನಾವಿಬ್ಬರೂ ನೋಡುತ್ತಲೇ ನಿಂತಿದ್ದೆವು. ತಪ್ಪು ನಡೆಯುತ್ತಿದೆ ಎಂಬುದೇ ತಿಳಿಯಲಿಲ್ಲ. ಮೂರನೆಯ ವಾರದಲ್ಲಿ ಅದು ಸತ್ತಿತು. ಅವನು ಊರಿನಲ್ಲಿರಲಿಲ್ಲ, ಕೊಳೆತ ಮಾಂಸದಿಂದ ನೀರು ಕೆಟ್ಟು ತೊಟ್ಟಿಯಲ್ಲಿದ್ದ ಎರಡು ಮೀನುಗಳೂ ಹೋದವು. ನೀಲಿಕಲ್ಲು ಅಥವಾ ಪಚ್ಚಿಲೆಯನ್ನು ಬಂಡೆಯಿಂದ ತೆಗೆದಿರುವ ನಮ್ಮ ಕರಾವಳಿಯವರು ಅದರ ನಾರಿನ ಎಳೆಗಳನ್ನು ಬಲ್ಲರು. ಟ್ರೈಡಾಕ್ನಾ ಸಹ ಚಿಪ್ಪಿನ ತಳದ ರಂಧ್ರದ ಮೂಲಕ ಅಂಥ ಎಳೆಗಳನ್ನು ಹೊರಬಿಟ್ಟು ಕಲ್ಲಿಗೆ ಅಂಟಿಕೊಳ್ಳುತ್ತದೆ. ಎಳೆದರೆ ನಾರು ಮಾತ್ರವಲ್ಲ, ಅದನ್ನು ಸ್ರವಿಸುವ ಒಳಗಿನ ಗ್ರಂಥಿಯೂ ಹರಿಯುತ್ತದೆ. ಹರಿತವಾದ ಅಲಗಿನಿಂದ ಎಳೆಗಳನ್ನು ಕಲ್ಲಿನ ಮಗ್ಗುಲಿನಲ್ಲಿ ಕತ್ತರಿಸಬೇಕು, ಇಲ್ಲವೇ ಕಲ್ಲಿನ ಚೂರಿನೊಡನೆಯೇ ಕೊಳ್ಳಬೇಕು.

ಕೊಳ್ಳುವಾಗ ನೋಡಬೇಕಾದುದು

ಅಂಗಡಿಯ ತೊಟ್ಟಿಯ ಮೇಲೆ ಕೈಯ ನೆರಳು ಬೀಳುವಂತೆ ಆಡಿಸಿರಿ. ಹೊದಿಕೆಯ ಅಂಚಿನಲ್ಲಿ ನೂರಾರು ಸೂಕ್ಷ್ಮ ಕಣ್ಣುಗಳುಂಟು. ಆರೋಗ್ಯವಂತ ಜೀವಿಯು ತಟಕ್ಕನೆ ಮುದುಡಿಕೊಂಡು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅರಳುತ್ತದೆ. ನಿಧಾನವಾಗಿ ಮುಚ್ಚಿಕೊಂಡರೆ, ಅಥವಾ ಮುಚ್ಚಿಕೊಳ್ಳದೆಯೇ ಇದ್ದರೆ, ಅಲ್ಲಿಗೆ ಮಾತು ಮುಗಿಯಿತು. ಹೊದಿಕೆಯು ಚಿಪ್ಪಿನ ಅಂಚನ್ನು ದಾಟಿ ಸಮನಾಗಿ ಹರಡಿರಬೇಕು. ನೀರನ್ನು ಒಳಗೆಳೆಯುವ ರಂಧ್ರವು ಅಗಲವಾಗಿ ಬಾಯ್ಬಿಟ್ಟಿದ್ದರೆ ಅದು ಸಂಕಟದ ಲಕ್ಷಣ. ಮಧ್ಯಭಾಗದಲ್ಲಿ ಬಿಳಿಚಿಕೊಂಡ ಮಚ್ಚೆಗಳಿದ್ದರೆ ಪಾಚಿಯು ನಷ್ಟವಾಗಿದೆಯೆಂದು ತಿಳಿಯಬೇಕು. ಚಿಪ್ಪಿನ ಮೇಲಂಚಿನಲ್ಲಿ ಹೊಸದಾಗಿ ಬೆಳೆದ ಶುಭ್ರ ಬಿಳಿಯ ಪಟ್ಟಿ ಕಂಡರೆ ಮಾತ್ರ ಜೀವಿಯು ಬೆಳೆಯುತ್ತಿದೆ ಎನ್ನಬಹುದು. ಅಂಗಡಿಯವನ ಯಾವ ಭರವಸೆಗಿಂತಲೂ ಈ ಪಟ್ಟಿಯು ಹೆಚ್ಚು ನಂಬಲರ್ಹ.

ಇನ್ನು ಬಣ್ಣದ ವಿಷಯ. ಇಂದಿನ ಅಂಗಡಿಗಳು ನೀಲಿ ಎಲ್‌ಇಡಿ ದೀಪಗಳ ಕೆಳಗೆ ಸರಕನ್ನು ಪ್ರದರ್ಶಿಸುತ್ತವೆ. ಆ ಬೆಳಕಿನಲ್ಲಿ ಸಾಧಾರಣ ಕಪ್ಪೆಚಿಪ್ಪೂ ರತ್ನದಂತೆ ಹೊಳೆಯುತ್ತದೆ. ಜವಳಿ ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ನೋಡುವಂತೆ, ಬಿಳಿಯ ದೀಪ ಹಾಕಿಸಿ, ಮೇಲಿನಿಂದ ನೋಡಿ ತೀರ್ಮಾನಿಸುವುದು ಲೇಸು. ಐದು ಸೆಂಟಿಮೀಟರಿಗಿಂತ ಚಿಕ್ಕವು ಅಗ್ಗವಾಗಿ ದೊರೆತರೂ ಬಹಳ ಸೂಕ್ಷ್ಮ. ಆ ಉಳಿತಾಯವು ಉಳಿಯುವುದು ಅಪರೂಪ.

ಸಾಧ್ಯವಾದರೆ ಅಂಗಡಿಗೆ ಬಂದು ಹತ್ತು ಹದಿನೈದು ದಿನಗಳಾದರೂ ಕಳೆದ ಜೀವಿಯನ್ನೇ ಕೊಳ್ಳಿರಿ. ಪ್ರಯಾಣದ ಪೆಟ್ಟಿನಿಂದ ಸಾಯುವವು ಆ ವೇಳೆಗೆ ಸತ್ತಿರುತ್ತವೆ. ಆ ನಷ್ಟ ವ್ಯಾಪಾರಿಯದು, ನಿಮ್ಮದಲ್ಲ.

ತೊಟ್ಟಿಯಲ್ಲಿ

ನೀರು ತುಂಬಿಸಿ ಕನಿಷ್ಠ ಆರು ತಿಂಗಳು ಸ್ಥಿರವಾಗಿ ನಡೆದ ತೊಟ್ಟಿಗೆ ಮಾತ್ರ ಇದನ್ನು ಬಿಡಬೇಕು. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಲವಣಾಂಶ ಸಾವಿರಕ್ಕೆ 35 ಭಾಗ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಕ್ಷಾರೀಯತೆ 8ರಿಂದ 11 ಡಿಕೆಎಚ್. ಇವು ಸಾಮಾನ್ಯವಾಗಿ ಒಪ್ಪಿತವಾದ ಮಿತಿಗಳು. ಬೆಳೆಯುವ ಚಿಪ್ಪು ದಿನವೂ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರುವುದರಿಂದ ಒಮ್ಮೆ ಅಳೆದು ಬಿಟ್ಟರೆ ಸಾಲದು. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿ ಇದಕ್ಕೆ ವಿಷ. ನೀರು ಅತಿಯಾಗಿ ಶುದ್ಧವಾಗಿರುವುದೂ ಹಿತವಲ್ಲವೆಂಬುದು ಹಲವರಿಗೆ ತಿಳಿಯದು. ಪಾಚಿಗೆ ಸಾರಜನಕ ಬೇಕು. ಅಲ್ಪ ಪ್ರಮಾಣದ ನೈಟ್ರೇಟ್ ಇದಕ್ಕೆ ಗೊಬ್ಬರವಿದ್ದಂತೆ. ಬೆಳಕಿನ ಜೊತೆಗೆ ಇದು ನೀರನ್ನು ಸೋಸಿ ಸೂಕ್ಷ್ಮ ಸಸ್ಯಪ್ಲವಕಗಳನ್ನೂ ತಿನ್ನುತ್ತದೆ. ಆದರೆ ಬಾಟಲಿಯ ಆಹಾರವು ಬೆಳಕಿಗೆ ಪರ್ಯಾಯವಲ್ಲ.

ಕ್ರೋಸಿಯಾ ಮತ್ತು ಮ್ಯಾಕ್ಸಿಮಾಗಳಿಗೆ ತೀಕ್ಷ್ಣ ಬೆಳಕು ಅವಶ್ಯಕ. ಹಿಂದೆ ಮೆಟಲ್ ಹ್ಯಾಲೈಡ್ ದೀಪಗಳೇ ಗತಿಯಾಗಿದ್ದವು. ಈಗ ಉತ್ತಮ ಎಲ್‌ಇಡಿಗಳಿಂದ ಕಡಿಮೆ ವಿದ್ಯುತ್ತಿನಲ್ಲಿ ಅದೇ ಫಲ ದೊರೆಯುತ್ತದೆ. ಹೊಸದಾಗಿ ತಂದುದನ್ನು ಮೊದಲ ದಿನವೇ ದೀಪದ ಕೆಳಗೆ ಎತ್ತರದಲ್ಲಿ ಕೂರಿಸಬಾರದು. ಮಂದ ಬೆಳಕಿನಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಏರಿಸಬೇಕು. ಈ ಎರಡು ಪ್ರಭೇದಗಳಿಗೆ ಮರಳಿಗಿಂತ ಕಲ್ಲಿನ ಆಸನವೇ ಒಳ್ಳೆಯದು. ತಳದ ರಂಧ್ರವು ಗಟ್ಟಿಯಾದ ಕಲ್ಲಿಗೆ ತಾಗುವಂತೆ ಇರಿಸಿ, ಅದು ಅಂಟಿಕೊಳ್ಳುವವರೆಗೆ ಕೈಹಚ್ಚದಿರುವುದು ಉತ್ತಮ. ಏಂಜೆಲ್ ಮೀನು, ಬಟರ್‌ಫ್ಲೈ ಮೀನುಗಳು ಹೊದಿಕೆಯನ್ನು ಕಚ್ಚುವುದುಂಟು. ಪಕ್ಕದ ಕಡಲಹೂವಿನ ಕುಟುಕೂ ಅಪಾಯಕಾರಿ.

ಮೂಲ ಯಾವುದು?

ಇಷ್ಟೆಲ್ಲ ಎಚ್ಚರದಿಂದ ಆರಿಸಿದ ಜೀವಿಯೂ ಕಳ್ಳಮಾಲಾಗಿರಬಹುದು. ಟ್ರೈಡಾಕ್ನಾ ಕುಟುಂಬವು 1980ರ ದಶಕದ ಮಧ್ಯಭಾಗದಿಂದ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ರಫ್ತು ಮಾಡುವ ದೇಶದ ಪರವಾನಗಿಯಿಲ್ಲದೆ ಇದು ಗಡಿ ದಾಟುವಂತಿಲ್ಲ. ಆ ಪರವಾನಗಿಯಲ್ಲಿ ಮೂಲವನ್ನು ಸೂಚಿಸುವ ಒಂದು ಅಕ್ಷರವಿರುತ್ತದೆ: ‘ಡಬ್ಲ್ಯೂ’ ಎಂದರೆ ಕಡಲಿನಿಂದ ಹಿಡಿದದ್ದು, ‘ಸಿ’ ಮತ್ತು ‘ಎಫ್’ ಎಂದರೆ ಸಾಕಣೆಯಲ್ಲಿ ಹುಟ್ಟಿದ್ದು. ಆಮದುದಾರನು ಬೆಲೆಪಟ್ಟಿಗಿಂತ ಮೊದಲು ಓದಬೇಕಾದುದು ಈ ಒಂದಕ್ಷರವನ್ನು.

ಸಾಕಣೆಯ ತಂತ್ರ ಹೊಸದೇನಲ್ಲ. ಪೆಸಿಫಿಕ್ ದ್ವೀಪರಾಷ್ಟ್ರ ಪಲಾವುವಿನ ಕೃಷಿಕೇಂದ್ರದಲ್ಲಿ 1980ರ ದಶಕದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮತ್ತು ಅವರ ಸಹೋದ್ಯೋಗಿಗಳು ಡೆರಾಸಾ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿದರು. ಮೊಟ್ಟೆಯಲ್ಲಿ ಪಾಚಿ ಇರುವುದಿಲ್ಲವಾದುದರಿಂದ ಮೊಟ್ಟೆಕೇಂದ್ರದವರು ದೊಡ್ಡ ಜೀವಿಯ ಹೊದಿಕೆಯಿಂದ ಪಾಚಿಯನ್ನು ತೆಗೆದು ಮರಿಗಳ ನೀರಿಗೆ ಬೆರೆಸುತ್ತಾರೆ. ಆಹಾರಕ್ಕೆಂದು ಆರಂಭವಾದ ಈ ಸಾಕಣೆಗೆ ಅಕ್ವೇರಿಯಂ ಮಾರುಕಟ್ಟೆಯು ಮುಖ್ಯ ಆಸರೆಯಾಯಿತು. ಅಂಗೈಗಿಂತ ಚಿಕ್ಕ ಜೀವಿಗೇ ಒಳ್ಳೆಯ ಬೆಲೆ ಬರುವಾಗ ಮಾಂಸಕ್ಕಾಗಿ ವರ್ಷಗಟ್ಟಲೆ ಕಾಯುವವರಾರು? ಆದರೆ ಪೂರೈಕೆ ನಿರಾತಂಕವಲ್ಲ. ಸಾಲೊಮನ್ ದ್ವೀಪಗಳಲ್ಲಿ ಹಳ್ಳಿಗರಿಗೆ ಮರಿಗಳನ್ನು ಕೊಟ್ಟು ಬೆಳೆಸುತ್ತಿದ್ದ ಸಂಶೋಧನಾ ಕೇಂದ್ರವು 1999ರ ಜನಾಂಗೀಯ ಗಲಭೆಯಲ್ಲಿ ಮುಚ್ಚಿತು. ಫ್ರೆಂಚ್ ಪಾಲಿನೇಷ್ಯಾದ ತಾತಾಕೊಟೊ ಹವಳದ್ವೀಪದ ಮ್ಯಾಕ್ಸಿಮಾಗಳಲ್ಲಿ ಬಹುಪಾಲು ನಾಶವಾಗಿದ್ದುದು 2012ರ ಸಮೀಕ್ಷೆಯಲ್ಲಿ ಕಂಡುಬಂದಿತು.

ಕಡಲಿನಿಂದ ಬಾಚುವವರ ಕಥೆ ಬೇರೆ. ದಕ್ಷಿಣ ಚೀನಾ ಸಮುದ್ರದಲ್ಲಿ ದೈತ್ಯ ಕಪ್ಪೆಚಿಪ್ಪುಗಳಿಗಾಗಿ ದೋಣಿಯ ಪ್ರೊಪೆಲರುಗಳಿಂದ ಹವಳದ ದಿಬ್ಬಗಳನ್ನೇ ಕತ್ತರಿಸಿ ಹಾಳುಮಾಡಿದ್ದನ್ನು 2016ರ ಅಂತಾರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪು ದಾಖಲಿಸಿದೆ. ಚಿಪ್ಪಿನ ಕೆತ್ತನೆಯ ವ್ಯಾಪಾರಕ್ಕೆ ಹೆಸರಾಗಿದ್ದ ಹೈನಾನ್ ಪ್ರಾಂತವು 2017ರ ಜನವರಿಯಿಂದ ಅದನ್ನು ನಿಷೇಧಿಸಿತು. ಅಮೆರಿಕದ ರಾಷ್ಟ್ರೀಯ ಸಾಗರ ಮೀನುಗಾರಿಕಾ ಸೇವೆಯು 2024ರ ಜುಲೈನಲ್ಲಿ ಹತ್ತು ಪ್ರಭೇದಗಳಿಗೆ ಕಾನೂನಿನ ರಕ್ಷಣೆ ನೀಡುವ ಪ್ರಸ್ತಾವವನ್ನು ಪ್ರಕಟಿಸಿತು; ವಿನಾಶದ ಅಂಚಿನಲ್ಲಿಲ್ಲದ ಕ್ರೋಸಿಯಾ, ಮ್ಯಾಕ್ಸಿಮಾಗಳನ್ನೂ, ಅಪರೂಪದವುಗಳನ್ನು ಹೋಲುತ್ತವೆಂಬ ಕಾರಣಕ್ಕೆ, ಅದರಲ್ಲಿ ಸೇರಿಸಲಾಗಿತ್ತು. ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು ಹೀಗೆ ಯೋಚಿಸುತ್ತಿರುವಾಗ ‘ಡಬ್ಲ್ಯೂ’ ಅಕ್ಷರದ ಸರಕಿನಲ್ಲಿ ಬಂಡವಾಳ ಹೂಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ನಮ್ಮ ದೇಶದಲ್ಲಿ

ಲಕ್ಷದ್ವೀಪ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳ ಹವಳದ ದಿಬ್ಬಗಳಲ್ಲಿ ಮ್ಯಾಕ್ಸಿಮಾ ನೈಸರ್ಗಿಕವಾಗಿಯೇ ಇದೆ. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹಳೆಯ ವ್ಯಾಪಾರ ಸಂಬಂಧವಿರುವುದರಿಂದ, ಅಲ್ಲಿಂದ ಒಂದೆರಡನ್ನು ತರಿಸಿದರೇನು ಎಂಬ ಪ್ರಶ್ನೆ ಸಹಜವಾಗಿ ಏಳಬಹುದು. ತರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿಯೇ ಮ್ಯಾಕ್ಸಿಮಾ, ಸ್ಕ್ವಾಮೋಸಾ ಹಾಗೂ ಇವುಗಳ ಬಂಧುವಾದ ಹಿಪ್ಪೋಪಸ್‌ಗಳನ್ನು ಸೇರಿಸಲಾಯಿತು. ಹುಲಿಗೆ ದೊರೆತ ಸಾಲಿನಲ್ಲಿಯೇ ಇವಕ್ಕೂ ಸ್ಥಾನ ದೊರೆಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸೈಟಿಸ್ ಪಟ್ಟಿಯ ವಿದೇಶಿ ಜೀವಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತಂದು, ಅವುಗಳನ್ನು ಹೊಂದಿರುವವರು ಪ್ರಾಧಿಕಾರಕ್ಕೆ ತಿಳಿಸಬೇಕೆಂದು ವಿಧಿಸಿದೆ. ಆದ್ದರಿಂದ ಇಲ್ಲಿನ ಅಂಗಡಿಯೊಂದರಲ್ಲಿ ಕಾಗದಪತ್ರಗಳಿಲ್ಲದ ನೀಲಿ ಕಪ್ಪೆಚಿಪ್ಪು ಕಂಡರೆ ಅದರ ಬೆಲೆ ವಿಚಾರಿಸಲೂ ಹೋಗಬಾರದು.

ವಿದೇಶದಲ್ಲಿ ಕ್ರಮಬದ್ಧವಾಗಿ ಕೊಳ್ಳುವವರಿಗೆ ಉಳಿದಿರುವುದು ಒಂದು ರಾತ್ರಿಯ ಕೆಲಸ. ದೀಪ ಆರಿಸಿ ಎರಡು ಗಂಟೆಗಳಾದ ಮೇಲೆ ಕೈದೀಪ ಹಿಡಿದು ಚಿಪ್ಪಿನ ತಳವನ್ನೂ ಅಂಚನ್ನೂ ಪರೀಕ್ಷಿಸಬೇಕು. ಅಕ್ಕಿಕಾಳಿನಷ್ಟು ಚಿಕ್ಕ, ಬೆಳ್ಳನೆಯ ಬಸವನಹುಳುಗಳು ಅಲ್ಲಿ ಕಂಡರೆ ಅವು ಜೀವಿಯ ದೇಹರಸವನ್ನು ಹೀರುವ ಪರೋಪಜೀವಿಗಳೆಂದು ತಿಳಿಯಬೇಕು. ಹಗಲು ಇವು ಅವಿತಿರುತ್ತವೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪನ್ನು ಉಜ್ಜಿ ಹುಳುಗಳನ್ನೂ ಲೋಳೆಯಂಥ ಅವುಗಳ ಮೊಟ್ಟೆಗಳನ್ನೂ ತೆಗೆದು, ಕೆಲವು ವಾರಗಳ ಕಾಲ ಪ್ರತ್ಯೇಕ ತೊಟ್ಟಿಯಲ್ಲಿ ಇದನ್ನೇ ಪುನರಾವರ್ತಿಸಿದ ಬಳಿಕವಷ್ಟೇ ಮುಖ್ಯ ತೊಟ್ಟಿಗೆ ಬಿಡಬೇಕು.