ಚೆಂಡಿಲ್ಲದ ಕಡೆ ನೋಡುತ್ತ

ಟೀವಿಯ ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಜರ್ಮನಿಯ ಫುಟ್‌ಬಾಲ್ ಡಿಫೆಂಡರ್ ಫಿಲಿಪ್ ಲಾಮ್‌ನನ್ನು ನೋಡಬೇಕೆಂದರೆ ಪರದೆಯ ಅಂಚಿನಲ್ಲಿ ಕಾಯಬೇಕು. ಹಕ್ಕಿ ನೋಡುವ ಚಟದವನಾದ ನನಗೆ ಅದು ಕಷ್ಟವಾಗಲಿಲ್ಲ. ಪೊದೆ ಅಲುಗುವ ತನಕ ಪೊದೆಯನ್ನೇ ನೋಡುತ್ತ ಕೂತು ರೂಢಿ. ಕೆಲವು ಪಂದ್ಯಗಳನ್ನು ನಿದ್ದೆಗೆಟ್ಟು ನೋಡಿದೆ, ಹೆಚ್ಚಿನವನ್ನು ಆಮೇಲೆ ರೆಕಾರ್ಡಿಂಗಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದೆ. ನೋಟ್‌ಬುಕ್ಕಿನ ಪುಟಗಳಲ್ಲಿ ಬಾಣದ ಗುರುತುಗಳೇ ಜಾಸ್ತಿ.

ಎತ್ತರ 170 ಸೆಂಟಿಮೀಟರು. ರಾಷ್ಟ್ರಗೀತೆಗೆ ಸಾಲಾಗಿ ನಿಂತಾಗ ಪೆರ್ ಮೆರ್ಟೆಸಾಕರ್ ಎಂಬ 198 ಸೆಂಟಿಮೀಟರಿನ ಜೊತೆಗಾರನ ಗಲ್ಲಕ್ಕೂ ಇವನ ತಲೆ ಮುಟ್ಟುತ್ತಿರಲಿಲ್ಲ. ಡಿಫೆಂಡರ್ ಎಂದರೆ ಗೋಡೆಯಂಥ ಆಳು ಎಂದುಕೊಂಡವರಿಗೆ ಇವನು ಶಾಲೆಯ ಹುಡುಗನಂತೆ ಕಾಣುತ್ತಿದ್ದ.

ನಾನು ಅತಿ ಹೆಚ್ಚು ಸಲ ಬರೆದುಕೊಂಡದ್ದು ಅವನು ನಿಲ್ಲುವ ಬಗೆಯನ್ನು. ಎದುರಾಳಿಗೆ ಎದೆ ಕೊಟ್ಟು ನಿಲ್ಲುವುದಿಲ್ಲ. ಮೈಯನ್ನು ಓರೆ ಮಾಡಿ, ಮಂಡಿ ಕೊಂಚ ಮಡಿಸಿ, ಹಿಮ್ಮಡಿಯನ್ನು ನೆಲಕ್ಕೆ ಪೂರ್ತಿ ಊರದೆ ನಿಲ್ಲುತ್ತಾನೆ. ಚೆಂಡು ಇನ್ನೂ ಆಚೆ ಬದಿಯಲ್ಲಿರುವಾಗಲೇ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ, ಎರಡು ಹೆಜ್ಜೆ ಸರಿಯುತ್ತಾನೆ, ಮತ್ತೆ ನೋಡುತ್ತಾನೆ. ವಿಂಗರ್ ಚೆಂಡು ಹಿಡಿದು ಎದುರು ಬಂದರೆ ಮೇಲೆ ಬೀಳುವುದಿಲ್ಲ. ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಹಿಂದೆ ಹಿಂದೆ ಸರಿಯುತ್ತಾನೆ, ಅವನನ್ನು ಬಿಳಿ ಗೆರೆಯ ಕಡೆಗೆ ನಯವಾಗಿ ಒತ್ತರಿಸುತ್ತಾನೆ. ಚೆಂಡು ವಿಂಗರ್‌ನ ಕಾಲಿನಿಂದ ಒಂದು ಗೇಣು ದೂರವಾದ ಗಳಿಗೆಯಲ್ಲಿ ಇವನ ಪಾದ ಚಾಚುತ್ತದೆ, ಅಷ್ಟೆ. ಕೆರೆ ದಂಡೆಯ ಬೆಳ್ಳಕ್ಕಿಯ ಕೊಕ್ಕು ನೀರಿಗೆ ಹೋಗಿ ಬರುವುದೂ ಹೀಗೆಯೇ. ನೆಲಕ್ಕೆ ಜಾರಿ ಬಿದ್ದು ಚೆಂಡು ಕಸಿಯುವ ಡಿಫೆಂಡರ್‌ಗೆ ಚಪ್ಪಾಳೆ ಹೆಚ್ಚು. ಜಾರುವಷ್ಟು ತಡವಾಯಿತು ಎನ್ನುವುದೇ ತಪ್ಪಲ್ಲವೇ ಎಂದು ನನಗೆ ಅನಿಸತೊಡಗಿದ್ದು ಇವನನ್ನು ನೋಡಿದ ಮೇಲೆ.

ಹುಟ್ಟಿದ್ದು 1983ರಲ್ಲಿ, ಮ್ಯೂನಿಕ್‌ನಲ್ಲಿ. ಗೆರ್ನ್ ಬಡಾವಣೆಯ ಸಣ್ಣ ಕ್ಲಬ್ಬಿನಿಂದ ಬಾಲ್ಯದಲ್ಲೇ ಬಾಯರ್ನ್ ಮ್ಯೂನಿಕ್‌ನ ಕಿರಿಯರ ತಂಡಕ್ಕೆ ಬಂದ. 2003ರಲ್ಲಿ ಎರಡು ವರ್ಷಕ್ಕೆ ಸ್ಟುಟ್‌ಗಾರ್ಟ್‌ಗೆ ಎರವಲು ಹೋದಾಗ ಅಲ್ಲಿನ ಬಲಬದಿಯಲ್ಲಿ ಆಂಡ್ರಿಯಾಸ್ ಹಿಂಕೆಲ್ ನೆಲೆಯೂರಿದ್ದ. ಬಲಗಾಲಿನ ಹುಡುಗ ಎಡಬದಿಗೆ ಹೊಂದಿಕೊಂಡ. 2006ರ ಜೂನ್ 9ರಂದು ಮ್ಯೂನಿಕ್‌ನಲ್ಲೇ ನಡೆದ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಅದು ಕಣ್ಣಿಗೆ ಬಿತ್ತು. ಗಾಯಗೊಂಡ ಮೊಣಕೈಗೆ ಕಟ್ಟು ಹಾಕಿಕೊಂಡೇ ಆಡುತ್ತಿದ್ದವನು ಆರನೇ ನಿಮಿಷದಲ್ಲಿ ಎಡದಿಂದ ಒಳಕ್ಕೆ ಹೊರಳಿ ಬಲಗಾಲಿನಿಂದ ಒದ್ದ. ಚೆಂಡು ಬಾಗಿ ಹೋಗಿ, ಕೋಸ್ಟರಿಕಾದ ಗೋಲಿನ ದೂರದ ಕಂಬದ ಒಳಮೈ ಸವರಿ ಬಲೆಗೆ ಬಿತ್ತು.

ನೋಟ್‌ಬುಕ್ಕಿನಲ್ಲಿ ನಾನು ಪದೇ ಪದೇ ತಿರುವುವ ಪುಟಗಳು 2008ರ ಯೂರೋ ಕಪ್ಪಿನವು. ಜೂನ್ 25, ಬಾಸೆಲ್, ಟರ್ಕಿಯ ಎದುರು ಸೆಮಿಫೈನಲ್. ಪ್ರಸಾರ ಕೇಂದ್ರವಿದ್ದ ವಿಯೆನ್ನಾದಲ್ಲಿ ಗುಡುಗು ಮಳೆ. ಚಿತ್ರ ಮಧ್ಯೆ ಮಧ್ಯೆ ಮಾಯವಾಗುತ್ತಿತ್ತು. 86ನೇ ನಿಮಿಷದಲ್ಲಿ ಸಾಬ್ರಿ ಇವನನ್ನು ದಾಟಿ ಹೋಗಿ ಒಳಗೆ ತಳ್ಳಿದ ಚೆಂಡನ್ನು ಸೆಮಿಹ್ ಗೋಲು ಮಾಡಿದ. 2–2. ತಪ್ಪು ಇವನದೇ. ನಾಲ್ಕು ನಿಮಿಷದ ನಂತರ ಇವನೇ ಎಡಬದಿಯಿಂದ ಹಿಟ್ಸ್‌ಲ್ಸ್‌ಪೆರ್ಗರ್‌ಗೆ ಚೆಂಡು ಕೊಟ್ಟು, ನಿಲ್ಲದೆ ಓಡಿ, ಮರಳಿ ಬಂದ ಪಾಸನ್ನು ಹತ್ತಿರದ ಕಂಬದ ಸಂದಿಗೆ ಹೊಡೆದ. ಗೆದ್ದದ್ದು 3–2ರಿಂದ.

ನಾಲ್ಕು ದಿನ ಬಿಟ್ಟು ವಿಯೆನ್ನಾದಲ್ಲಿ ಫೈನಲ್, ಎದುರಿಗೆ ಕೆಂಪು ಅಂಗಿಯ ಸ್ಪೇನ್. 33ನೇ ನಿಮಿಷದ ಆ ತುಣುಕನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದೆನೋ. ಶಾವಿಯ ಪಾಸು ಉದ್ದಕ್ಕೆ ಬರುತ್ತದೆ. ಚೆಂಡಿಗೆ ಹತ್ತಿರ ಇರುವವನು ಲಾಮ್; ಟೊರೆಸ್ ಹಿಂದಿದ್ದಾನೆ. ಗೋಲ್‌ಕೀಪರ್ ಲೆಹ್ಮನ್ ಮುಂದೆ ಬರುತ್ತಿದ್ದಾನೆ. ಆಗ ಲಾಮ್‌ನ ಹೆಜ್ಜೆ ಅರೆಗಳಿಗೆ ಸಡಿಲವಾಗುತ್ತದೆ, ಕೀಪರ್ ಹಿಡಿದುಕೊಳ್ಳಲಿ ಎಂಬಂತೆ. ಅಷ್ಟರಲ್ಲಿ ಟೊರೆಸ್ ಹೊರಬದಿಯಿಂದ ಸುತ್ತಿ ಬಂದು, ಭುಜ ತಾಗಿಸಿ, ನೆಲಕ್ಕೆ ಬೀಳುತ್ತಿರುವ ಕೀಪರ್‌ನ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿಬಿಡುತ್ತಾನೆ. ಅದು ಅವಸರವಿಲ್ಲದೆ ಉರುಳಿ ಒಳಗೆ ಹೋಗುತ್ತದೆ. ಪಂದ್ಯ ಮುಗಿದದ್ದೂ ಆ ಒಂದೇ ಗೋಲಿನಲ್ಲಿ. ಪ್ರತಿ ಪಂದ್ಯದಲ್ಲೂ ಅವನನ್ನು ಕಾಯುತ್ತಿದ್ದ ಅದೇ ತಾಳ್ಮೆ ಅಲ್ಲಿ ಅವನಿಗೆ ಕೈಕೊಟ್ಟಿತು. ತಾಳ್ಮೆ ಬಿಟ್ಟನೇ ಎಂದು ಮುಂದಿನ ಪಂದ್ಯಗಳಲ್ಲಿ ಹುಡುಕಿದೆ. ಇಲ್ಲ, ಅದೇ ಓರೆ ನಿಲುವು, ಅದೇ ಚಿಕ್ಕ ಹೆಜ್ಜೆ.

2010ರ ವಿಶ್ವಕಪ್ಪಿಗೆ ನಾಯಕನಾದ. 2013ರಲ್ಲಿ ಬಾಯರ್ನ್‌ಗೆ ಕೋಚ್ ಆಗಿ ಬಂದ ಗ್ವಾರ್ಡಿಯೋಲ ಅವನನ್ನು ಮೈದಾನದ ನಡುವಿಗೆ ತಂದು ನಿಲ್ಲಿಸಿದ. 2014ರ ಬ್ರೆಜಿಲ್ ವಿಶ್ವಕಪ್ಪಿನಲ್ಲೂ ಮೊದಲು ಅಲ್ಲೇ ಆಡಿದ. ಕ್ವಾರ್ಟರ್ ಫೈನಲ್‌ನಿಂದ ಬಲಬದಿಗೆ ಮರಳಿದ. ನಡುವಿನಲ್ಲಿ ಅವನ ಪಾಸುಗಳು ಚೆಂದವೇ ಇದ್ದವು. ಆದರೂ ಬೆನ್ನಿಗೆ ಗೆರೆ ಇದ್ದಾಗಲೇ ಅವನು ಅವನಾಗಿರುತ್ತಿದ್ದ ಎಂಬುದು ನನ್ನ ಲೆಕ್ಕ. ಜುಲೈ 13ರಂದು ಮರಕಾನಾದಲ್ಲಿ ಅರ್ಜೆಂಟೀನಾವನ್ನು 1–0ರಿಂದ ಸೋಲಿಸಿ ಕಪ್ ಎತ್ತಿದ. ಐದು ದಿನಗಳಲ್ಲಿ, 113 ಪಂದ್ಯಗಳ ನಂತರ, ರಾಷ್ಟ್ರೀಯ ತಂಡ ಬಿಟ್ಟ.

ವೃತ್ತಿಯುದ್ದಕ್ಕೂ ಒಂದೇ ಒಂದು ರೆಡ್ ಕಾರ್ಡ್ ಕಾಣಲಿಲ್ಲ. ಬಾಯರ್ನ್ ಪರ ಆಡಿದ ಪಂದ್ಯಗಳು 517. ಕೊನೆಯದು 2017ರ ಮೇ 20ರಂದು, ಫ್ರೈಬುರ್ಗ್ ಎದುರು, 4–1ರ ಗೆಲುವು. ಅವನಿಗಾಗ 33 ವರ್ಷ. ಕ್ಲಬ್ಬಿನ ಜೊತೆಗಿನ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು.