ಬಾಗಿಲಿಗೆ ಅಂಟಿಸಿದ ಕಾಗದ

ಟಿನ್ ಫ್ಯಾಕ್ಟರಿ ಎಂದರೆ ಬೆಂಗಳೂರಿನವರಿಗೆ ಬಸ್ಸುಗಳ ಗದ್ದಲ ನೆನಪಾಗುತ್ತದೆ. ಕೋಲಾರ, ಮುಳಬಾಗಿಲು, ತಿರುಪತಿಯ ಕಡೆಗೆ ಹೋಗುವವರು ಗಂಟುಮೂಟೆ ಹಿಡಿದು ಕಾಯುವ ಜಾಗ ಅದು. ಹಳೇ ಮದರಾಸು ರಸ್ತೆ ಬಿಟ್ಟು ಉದಯನಗರದ ಕಡೆಗೆ ತಿರುಗಿದರೆ ಇಪ್ಪತ್ತು-ಮೂವತ್ತರ ಸೈಟುಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಮನೆಗಳು ಕಾಣುತ್ತವೆ. ದುಡಿಮೆಗಾರರು ಚೀಟಿ ಹಾಕಿ, ಒಡವೆ ಮಾರಿ, ಸಾಲ ಮಾಡಿ ಕಟ್ಟಿಕೊಂಡ ಮನೆಗಳವು. ಅಂಥ ಒಂದು ಮನೆಯಿಂದ ಬರುವ ನನ್ನ ವಿದ್ಯಾರ್ಥಿನಿಯ ತಾಯಿ ಕಳೆದ ವರ್ಷ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಬಳಿ ನಿಂತಿದ್ದರು. ಫೀಸಿನ ವಿಷಯವಿರಬೇಕು ಎಂದುಕೊಂಡೆ. ಅವರು ಬುರ್ಖಾದ ಒಳಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು, "ಆಪಾ, ಇದರಲ್ಲೇನಿದೆ ಸ್ವಲ್ಪ ನೋಡಿ. ಮನೆಯಲ್ಲಿ ಯಾರೂ ಸರಿಯಾಗಿ ಹೇಳುತ್ತಿಲ್ಲ" ಎಂದರು.

ಕಾಗದದ ಅಂಚುಗಳು ಹರಿದಿದ್ದವು. ಬಾಗಿಲಿಗೆ ಗೋಂದು ಹಾಕಿ ಅಂಟಿಸಿದ್ದನ್ನು ಅತ್ತೆಯವರು ನೆರೆಹೊರೆಯವರ ಕಣ್ಣಿಗೆ ಬೀಳುವ ಮೊದಲೇ ನೀರು ಹಚ್ಚಿ ಕಿತ್ತು ತೆಗೆದಿದ್ದರಂತೆ. ಅದು ಸ್ವಾಧೀನದ ನೋಟಿಸು. ಅವರ ಪತಿ ಗ್ಯಾರೇಜಿನ ಮೆಕ್ಯಾನಿಕ್. ಮೇಲಂತಸ್ತು ಕಟ್ಟಲು ಗೃಹಸಾಲದ ಕಂಪೆನಿಯೊಂದರಿಂದ 14 ಲಕ್ಷ ರೂಪಾಯಿ ತೆಗೆದಿದ್ದರು. ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಆರು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ, ಕಂತುಗಳು ನಿಂತುಹೋದವು. ರಿಜಿಸ್ಟರ್ ಅಂಚೆಯಲ್ಲಿ ಮೊದಲೇ ಬಂದಿದ್ದ ಇನ್ನೊಂದು ನೋಟಿಸನ್ನು ಆತ ಹೆಂಡತಿಗೆ ತೋರಿಸದೆ ಹಾಸಿಗೆಯಡಿ ಇಟ್ಟಿದ್ದರು. ಈ ಎರಡನೆಯದನ್ನು ಅಂಟಿಸಿ ಅಂದಿಗೆ 31 ದಿನಗಳಾಗಿದ್ದವು.

ಬಿ.ಎ.ಗೆ ಓದಿದ ನನ್ನ ಇಂಗ್ಲಿಷು ಆ ಕಾಗದದ ಮುಂದೆ ಅಷ್ಟಕ್ಕಷ್ಟೇ. ಆದರೂ ಒಂದು ವಾಕ್ಯ ಅರ್ಥವಾಯಿತು. ಇನ್ನು ಮುಂದೆ ಈ ಆಸ್ತಿಯ ಬಗ್ಗೆ ಯಾರೂ ವ್ಯವಹಾರ ಮಾಡಬಾರದು ಎಂದು ಅದರಲ್ಲಿತ್ತು. ಪರಿಚಯದ ವಕೀಲರೊಬ್ಬರಿಗೆ ಫೋನು ಮಾಡಿದೆ. ಅವರು ಮೊದಲು ಕೇಳಿದ್ದು ಸಾಲದ ಮೊತ್ತವನ್ನಲ್ಲ, ನೋಟಿಸಿನ ತಾರೀಖನ್ನು. "ಹಾಗಾದರೆ ಇನ್ನು ಹದಿನಾಲ್ಕು ದಿನ ಇದೆ" ಎಂದರು.

ಈ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ನಮ್ಮ ಸಹೋದರಿಯರು ತಿಳಿದುಕೊಂಡಿರಬೇಕು. ಸಾಲ ತೀರದಿದ್ದರೆ ಬ್ಯಾಂಕಿನವರು ಕೋರ್ಟಿಗೆ ಹೋಗುತ್ತಾರೆ, ಕೇಸು ಹತ್ತು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಏನಾದರೂ ಆದೀತು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅದು ಹಳೆಯ ಕಾಲದ ಮಾತು. 2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯ ಪ್ರಕಾರ ಅಡವಿಟ್ಟ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಲು ಬ್ಯಾಂಕುಗಳಿಗೂ ಗೃಹಸಾಲದ ಕಂಪೆನಿಗಳಿಗೂ ಕೋರ್ಟಿನ ಡಿಕ್ರಿ ಬೇಕಿಲ್ಲ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟು 2020ರ ಮೇ ತಿಂಗಳಲ್ಲಿ ಹೇಳಿತು. ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತೇನೆ ಎಂದರೆ ಅದಕ್ಕೂ ಈ ಕಾಯ್ದೆಯ 34ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಗಲ್ಲಿಯ ಹಿರಿಯರೊಬ್ಬರು ಆ ಕುಟುಂಬಕ್ಕೆ ಮೊದಲು ಕೊಟ್ಟಿದ್ದ ಸಲಹೆ ಅದೇ ಆಗಿತ್ತು.

ಕ್ರಮ ಹೀಗೆ ನಡೆಯುತ್ತದೆ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಸಾಲವನ್ನು ವಸೂಲಾಗದ ಸಾಲವೆಂದು ಬರೆದುಕೊಳ್ಳುತ್ತಾರೆ. ಆಮೇಲೆ ಪೂರ್ತಿ ಸಾಲ ಕಟ್ಟಲು 60 ದಿನಗಳ ಗಡುವು ಕೊಟ್ಟು ಮೊದಲ ನೋಟಿಸು ಬರುತ್ತದೆ. ಹಾಸಿಗೆಯಡಿ ಹೋದದ್ದು ಇದೇ. ಇದಕ್ಕೆ ಲಿಖಿತ ಉತ್ತರ ಕೊಡುವ ಹಕ್ಕು ಸಾಲಗಾರನಿಗಿದೆ. ಲೆಕ್ಕ ತಪ್ಪಿದೆ, ಕಟ್ಟಿದ ಕಂತು ಜಮಾ ಆಗಿಲ್ಲ, ಕಾಯಿಲೆಯಿಂದ ನಿಂತುಹೋಗಿದೆ, ಇಂತಿಷ್ಟು ಕಟ್ಟುತ್ತೇನೆ ಎಂದು ಏನಿದ್ದರೂ ಬರೆಯಬಹುದು. ಅದನ್ನು ಒಪ್ಪದಿದ್ದರೆ 15 ದಿನಗಳೊಳಗೆ ಕಾರಣ ತಿಳಿಸಿ ಉತ್ತರಿಸುವುದು ಸಾಲ ಕೊಟ್ಟವರ ಹೊಣೆ. ಈ ಒಂದು ಪತ್ರದಿಂದಲೇ ಮನೆ ಉಳಿದೀತು ಎಂದಲ್ಲ. ಆದರೆ ಮುಂದೆ ಅಧಿಕಾರಿಗಳ ಎದುರು ನಿಂತಾಗ ಈತ ಸುಮ್ಮನಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅಂಚೆಯಲ್ಲೇ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾದದ್ದು (ಅಲ್ ಬಕರಃ: 282). ಅದನ್ನು ಮಕ್ಕಳಿಗೆ ಪಾಠ ಮಾಡುವ ನಮ್ಮ ಮನೆಗಳಲ್ಲೇ ಬರೆಹಕ್ಕೆ ಬೆಲೆಯಿಲ್ಲ.

60 ದಿನ ಕಳೆದ ಮೇಲೆ ಸ್ವಾಧೀನದ ನೋಟಿಸು ಬಾಗಿಲಿಗೆ ಬರುತ್ತದೆ. ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಅದನ್ನು ಪ್ರಕಟಿಸಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಹೆಚ್ಚಿನ ಸಲ ಇದು ಕಾಗದದ ಮೇಲಿನ ಸ್ವಾಧೀನ ಮಾತ್ರ. ಮನೆಯವರು ಒಳಗೇ ಇರುತ್ತಾರೆ, ಆದ್ದರಿಂದಲೇ ಉದಾಸೀನ ಮಾಡುತ್ತಾರೆ. ಈ ನೋಟಿಸಿನಿಂದ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿ.ಆರ್.ಟಿ.ಗೆ ಅರ್ಜಿ ಹಾಕಬಹುದು. ಅದು ಬೆಂಗಳೂರಿನಲ್ಲೇ ಇದೆ. ಕಾಯ್ದೆ ಬಂದ ಹೊಸದರಲ್ಲಿ ಅರ್ಜಿ ಹಾಕಬೇಕಾದರೆ ಬಾಕಿಯ ಶೇಕಡಾ 75ರಷ್ಟನ್ನು ಮೊದಲೇ ಕಟ್ಟಬೇಕಿತ್ತು! ಅಷ್ಟು ಹಣ ಕೈಯಲ್ಲಿದ್ದವನ ಮನೆ ಹರಾಜಿಗೆ ಯಾಕೆ ಬರುತ್ತದೆ? 2004ರ ಏಪ್ರಿಲ್‌ನಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ರದ್ದುಪಡಿಸಿತು. ಈಗ ಮೊದಲ ಅರ್ಜಿಗೆ ಶುಲ್ಕ ಮಾತ್ರ ಸಾಕು. ಅಲ್ಲಿ ಸೋತು ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಗುವುದಾದರೆ ಮಾತ್ರ ಬಾಕಿಯ ಅರ್ಧವನ್ನು ಠೇವಣಿ ಇಡಬೇಕು. ಅದನ್ನು ಕಾಲು ಭಾಗಕ್ಕೆ ಇಳಿಸುವ ಅಧಿಕಾರ ಮಂಡಳಿಗಿದೆ.

ಅಡವಿನ ಸಾಲ ಒಂದು ಲಕ್ಷ ಮೀರದಿದ್ದರೆ, ಅಥವಾ ಸಾಲದ ಬಹುಪಾಲು ತೀರಿ ಅಸಲು-ಬಡ್ಡಿಯ ಶೇಕಡಾ 20ಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಾಯ್ದೆ ಅನ್ವಯವಾಗುವುದಿಲ್ಲ. ಕೃಷಿ ಭೂಮಿಗೂ ಇಲ್ಲ. ಖಾಸಗಿ ವ್ಯಕ್ತಿಗೆ ಅಡವಿಟ್ಟಿದ್ದರೆ ಆತ ಸಿವಿಲ್ ಕೋರ್ಟಿಗೇ ಹೋಗಬೇಕು. ಕೋರ್ಟು ಮೊದಲು ಪ್ರಾಥಮಿಕ ಡಿಕ್ರಿ ಕೊಟ್ಟು ಹಣ ಕಟ್ಟಲು ಆರು ತಿಂಗಳವರೆಗೆ ಕಾಲ ನಿಗದಿಪಡಿಸುತ್ತದೆ. ಸಕಾರಣವಿದ್ದರೆ ಅದನ್ನು ವಿಸ್ತರಿಸಲೂಬಹುದು. ಸಮನ್ಸ್ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಕೇಸು ನಿಲ್ಲುವುದಿಲ್ಲ. ನಾವಿಲ್ಲದೆಯೇ ತೀರ್ಪಾಗುತ್ತದೆ, ಅಷ್ಟೇ.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ವಕೀಲರ ಫೀಸಿಗೆ ಹಣವಿರಲಿಲ್ಲ. ಮಹಿಳೆಯರಿಗೆ, ಅವರ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಆಕೆ ಸಾಲಪತ್ರಕ್ಕೆ ಸಹಿ ಹಾಕಿದ್ದ ಸಹ-ಅರ್ಜಿದಾರೆ. ಆ ಸಹಿಯ ದಿನವನ್ನು ನೆನೆದು, "ಬೆರಳು ತೋರಿಸಿದಲ್ಲೆಲ್ಲಾ ಹಾಕಿದೆ ಆಪಾ, ಇಪ್ಪತ್ತು ಮೂವತ್ತು ಕಡೆ" ಎಂದಿದ್ದರು. ಅವರನ್ನು ಹೊಣೆಗಾರಳನ್ನಾಗಿ ಮಾಡಿದ ಅದೇ ಸಹಿಯಿಂದ, ತನ್ನ ಹೆಸರಿನಲ್ಲೇ ಅರ್ಜಿ ಹಾಕುವ ಹಕ್ಕೂ ಅವರಿಗೆ ಬಂದಿತ್ತು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ನಾವಿಬ್ಬರೂ ಹೋದೆವು. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಅಲ್ಲಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು. ನೆರವಿಗೆ ವಕೀಲರು ಸಿಕ್ಕಿದರು. 41ನೇ ದಿನ ಅರ್ಜಿ ದಾಖಲಾಯಿತು.

ಈ ನಡುವೆ ಮನೆಯ ಗಂಡಸರು ಒಂದು ಉಪಾಯ ಹೂಡಿದ್ದರು. ಮೇಲಂತಸ್ತನ್ನು ಐದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು ಆ ಹಣವನ್ನು ಸಾಲಕ್ಕೆ ಕಟ್ಟುವುದು. ಗಿರಾಕಿಯೂ ಸಿಕ್ಕಿದ್ದರು. ವಕೀಲರು ಕೇಳಿ ತಲೆ ಮೇಲೆ ಕೈ ಹೊತ್ತರು. ಮೊದಲ ನೋಟಿಸು ಬಂದ ಮೇಲೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರುವುದಾಗಲಿ, ಭೋಗ್ಯಕ್ಕೆ ಕೊಡುವುದಾಗಲಿ ಕಾಯ್ದೆಯ ಪ್ರಕಾರ ನಿಷಿದ್ಧ. ಅದಕ್ಕಿಂತ ಮಿಗಿಲಾಗಿ, ಭೋಗ್ಯಕ್ಕೆ ಬರಲಿದ್ದ ಕುಟುಂಬವೂ ನಮ್ಮಂಥದೇ. ಮಗಳ ಮದುವೆಗೆಂದು ಕೂಡಿಟ್ಟ ಹಣ ಅದು. ತನ್ನ ಮನೆ ಉಳಿಸಿಕೊಳ್ಳಲು ಇನ್ನೊಬ್ಬರ ಮನೆ ಮುರಿಯುವುದು ಯಾವ ನ್ಯಾಯ?

ಬೆಂಗಳೂರಿನಲ್ಲಿ ನಮ್ಮವರು ಅನೇಕರು ಬಾಡಿಗೆಯ ಬದಲು ಭೋಗ್ಯಕ್ಕೇ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಲೀಕ ಮೊದಲೇ ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಭೋಗ್ಯಕ್ಕೆ ತೆಗೆದುಕೊಂಡರೆ, ಹರಾಜಿನ ದಿನ ನಿಮ್ಮ ಕೈಯಲ್ಲಿರುವುದು ಬರೀ ಸ್ಟಾಂಪ್ ಪೇಪರು. ಬಾಡಿಗೆದಾರರೂ ಡಿ.ಆರ್.ಟಿ.ಗೆ ಹೋಗಿ ತಮ್ಮ ಹಕ್ಕು ಸಾಬೀತುಪಡಿಸಲು 2016ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆದರೆ ಅಡವಿಗೂ ಮುಂಚಿನ, ನೋಂದಣಿಯಾದ ಕರಾರು ಇದ್ದವರ ಮಾತಿಗೇ ಅಲ್ಲಿ ಬಲ. ಹಾಗಾಗಿ ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಆ ಮನೆಯ ಋಣಭಾರ ಪತ್ರ ತೆಗೆಸಿ ನೋಡಿ. ಜನ ಇದನ್ನು ಇ.ಸಿ. ಎನ್ನುತ್ತಾರೆ. ಮೂಲಪತ್ರ ಎಲ್ಲಿದೆ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಸಂಕೋಚ ಬೇಡ.

ನ್ಯಾಯಮಂಡಳಿ ಸುಮ್ಮನೆ ತಡೆಯಾಜ್ಞೆ ಕೊಡುವುದಿಲ್ಲ. ಸಾಮಾನ್ಯವಾಗಿ ಒಂದಷ್ಟು ಹಣ ಕಟ್ಟಿ ತೋರಿಸು ಎನ್ನುತ್ತದೆ. ಇವರಿಗೆ ಮೂರು ಲಕ್ಷವನ್ನು ಎರಡು ಕಂತುಗಳಲ್ಲಿ ಕಟ್ಟಲು ಆರು ವಾರ ಸಿಕ್ಕಿತು. ಅತ್ತೆಯವರು ತಮ್ಮ ಬಳೆಗಳನ್ನು ಬಿಚ್ಚಿಕೊಟ್ಟರು. ಸೊಸೆಯ ಮಹ್ರ್‌ನ ಚಿನ್ನ ಹೋಯಿತು. ಅದು ಆಕೆಯ ಸ್ವಂತ ಸೊತ್ತು. ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ ಎಂದು ನಾನು ಎಲ್ಲರೆದುರೇ ಹೇಳಿದೆ. ಆಕೆ ಇಷ್ಟಪಟ್ಟೇ ಕೊಟ್ಟರು, ಆದರೆ ಪತಿಯಿಂದ ಚೀಟಿ ಬರೆಸಿಕೊಂಡರು. ಮಸೀದಿಯ ಝಕಾತ್ ನಿಧಿಯಿಂದ 40 ಸಾವಿರ ಬಂತು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರು (ಅತ್ತೌಬಃ: 60). ರಮಝಾನಿನಲ್ಲಿ ಸೀರೆ, ಅಕ್ಕಿ ಹಂಚುವ ನಮ್ಮ ಸಮಿತಿಗಳಿಗೆ ಈ ವರ್ಗ ನೆನಪಾಗುವುದು ಅಪರೂಪ.

ಬಡ್ಡಿಯ ಸಾಲ ತೆಗೆದದ್ದೇ ತಪ್ಪಲ್ಲವೇ ಎಂದು ಕೇಳಿದವರಿದ್ದರು. ಬಡ್ಡಿ ಹರಾಮ್ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಾವಿಗೆ ಬಿದ್ದವರ ಮೇಲೆ ಆಳಿಗೊಂದು ಕಲ್ಲು ಹಾಕುವುದು ಪ್ರವಾದಿವರ್ಯರ(ಸ) ದಾರಿಯಲ್ಲ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಆದೇಶಿಸಿದ್ದು ಬಡ್ಡಿಯನ್ನು ನಿಷೇಧಿಸುವ ಸೂಕ್ತಗಳ ಬೆನ್ನಿಗೇ ಅಲ್ಲವೇ (ಅಲ್ ಬಕರಃ: 280)? ಬಡ್ಡಿಯ ಭಯಕ್ಕೆ ಮರುಳಾಗಿ 2019ರಲ್ಲಿ ಶಿವಾಜಿನಗರದ ಐ.ಎಂ.ಎ. ಕಂಪೆನಿಯಲ್ಲಿ ಹಣ ಕಳೆದುಕೊಂಡವರನ್ನೂ ನಾವು ಕಂಡಿದ್ದೇವೆ. ಹಲಾಲ್ ಎಂಬ ಬೋರ್ಡು ನೋಡಿ ಸಹಿ ಹಾಕಿದವರೂ, ಬೆರಳು ತೋರಿಸಿದಲ್ಲಿ ಸಹಿ ಹಾಕಿದವರೂ ಒಂದೇ ಕಡೆ ಎಡವಿದ್ದಾರೆ. ಅವರು ಓದಲಿಲ್ಲ.

ಮಂಡಳಿಯಲ್ಲಿ ತಡೆ ಸಿಗದಿದ್ದರೆ ಮುಂದೇನು? ಸಾಲ ಕೊಟ್ಟವರು ಮುಖ್ಯ ಮ್ಯಾಜಿಸ್ಟ್ರೇಟರಿಗೋ ಜಿಲ್ಲಾಧಿಕಾರಿಗೋ ಅರ್ಜಿ ಕೊಟ್ಟು, ಪೊಲೀಸರ ನೆರವಿನಿಂದ ಮನೆಯನ್ನು ನಿಜವಾಗಿ ವಶಕ್ಕೆ ತೆಗೆದುಕೊಳ್ಳುತ್ತಾರೆ. ಆ ದಿನ ಬಾಗಿಲಲ್ಲಿ ಅಡ್ಡ ಮಲಗುವುದರಿಂದ, ಹೆಂಗಸರನ್ನು ಮುಂದೆ ನಿಲ್ಲಿಸಿ ಕೂಗಾಡಿಸುವುದರಿಂದ ಪೊಲೀಸ್ ಕೇಸು ಬೀಳುತ್ತದೆಯೇ ಹೊರತು ಮನೆ ಉಳಿಯುವುದಿಲ್ಲ. ಅಡವಿಟ್ಟದ್ದು ಮನೆಯನ್ನೇ ಹೊರತು ಒಳಗಿನ ಪಾತ್ರೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕಗಳನ್ನಲ್ಲ. ಅವುಗಳ ಪಟ್ಟಿ ಮಾಡಿಸಿ, ಪ್ರತಿ ಕೇಳಿ ಪಡೆಯಿರಿ. ಹರಾಜಿಗೆ ಮೊದಲು ಮನೆಯವರಿಗೆ 30 ದಿನಗಳ ಮಾರಾಟದ ನೋಟಿಸು ಕೊಡಬೇಕು. ಆದರೆ ಪೂರ್ತಿ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಗಳಿಗೆಯವರೆಗೂ ಇರುತ್ತದೆ ಎಂದು ನಂಬಬೇಡಿ. ಹರಾಜಿನ ಪ್ರಕಟಣೆ ಹೊರಬಿದ್ದರೆ ಆ ಹಕ್ಕು ಮುಗಿಯಿತು ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹರಾಜಿನಲ್ಲಿ ಬಾಕಿ ಹಾಗೂ ಖರ್ಚಿಗಿಂತ ಹೆಚ್ಚು ಬಂದರೆ ಆ ಹಣ ನಿಮ್ಮದು, ಲೆಕ್ಕ ಕೇಳಿ. ಮೆಟ್ರೊ ಬಂದ ಮೇಲೆ ಟಿನ್ ಫ್ಯಾಕ್ಟರಿ ಸುತ್ತಲಿನ ಜಾಗದ ಬೆಲೆ ಏನಾಗಿದೆ ಎಂದು ಎಲ್ಲರಿಗೂ ಗೊತ್ತು. ಮೂರನೆಯವರಿಗೆ ಅಗ್ಗಕ್ಕೆ ಹೋಗುವುದಕ್ಕಿಂತ, ಸಾಲ ಕೊಟ್ಟವರ ಒಪ್ಪಿಗೆ ಪಡೆದು ತಾವೇ ಒಳ್ಳೆಯ ಬೆಲೆಗೆ ಮಾರಿ ಋಣ ತೀರಿಸುವುದು ಕೆಲವೊಮ್ಮೆ ಮೇಲು. ಇದನ್ನು ಹೇಳಲು ನನಗೂ ಕಷ್ಟವಾಗುತ್ತದೆ.

ಒಂದೇ ಸಲಕ್ಕೆ ರಿಯಾಯಿತಿಯಲ್ಲಿ ಮುಗಿಸುವ ರಾಜಿಯನ್ನು ಕೇಳಬಹುದು, ಅದು ಹಕ್ಕಲ್ಲ. ಒಪ್ಪಿದರೆ ಬಾಯಿಮಾತಿಗೆ ಹಣ ಕಟ್ಟಬೇಡಿ, ಪತ್ರ ಪಡೆಯಿರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಪತಿ ತೀರಿಕೊಂಡ ಸಹೋದರಿಯರು ಸಾಲಕ್ಕೆ ವಿಮೆ ಮಾಡಿಸಿತ್ತೇ ಎಂದು ಮೊದಲು ವಿಚಾರಿಸಿ. ಕಂತಿನ ಜೊತೆ ಅದರ ಹಣವನ್ನೂ ಹಿಡಿದುಕೊಂಡಿರುತ್ತಾರೆ, ಮನೆಯವರಿಗೆ ತಿಳಿದಿರುವುದಿಲ್ಲ.

ಆ ಮನೆಯ ಸಾಲ ಈಗ ಹೊಸ ಕಂತುಗಳಲ್ಲಿ ನಡೆಯುತ್ತಿದೆ. ತೀರಲು ಇನ್ನೂ ಒಂಬತ್ತು ವರ್ಷ ಬೇಕು. ಪತಿ ಕೂತು ಮಾಡುವ ಕೆಲಸ ಹುಡುಕಿಕೊಂಡಿದ್ದಾರೆ. ಮೊನ್ನೆ ನಾನು ಹೋದಾಗ ಅಂಚೆಯವನು ಬಂದ. ಆಕೆ ಲಕೋಟೆ ತೆಗೆದುಕೊಂಡು ಒಡೆಯುವ ಮೊದಲು, ಮಗಳ ಪೆನ್ನಿನಿಂದ ಅದರ ಮೇಲೆ ಅಂದಿನ ತಾರೀಖು ಬರೆದರು.